ಮೊದಲ ಸುತ್ತಿನಲ್ಲಿ ಸೋತವನು ಸಂಜೆವರೆಗೂ ಆಡಬೇಕು

(ಬೀದರ್‌ನಲ್ಲಿ ಕಾರ್ಡ್ ಆಟದ ಟೂರ್ನಮೆಂಟ್ ನಡೆಸಬೇಕು ಅಂತಿರುವ ಗೆಳೆಯರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ರೈಲಿನಲ್ಲಿ ಬಂದೆ. 2017ರವರೆಗೆ ಈ ದಾರಿಯಲ್ಲಿ ರೈಲೇ ಇರಲಿಲ್ಲ, ಬಸ್ಸಿನಲ್ಲಿ ಕುಲುಕಾಡುತ್ತ ಬರಬೇಕಿತ್ತು. ನನ್ನ ಚೀಲದಲ್ಲಿ ಹದಿನಾರು ಡೆಕ್, ಅಂದರೆ ಕಾರ್ಡಿನ ಕಟ್ಟು, ಇವೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು "ಏನ್ರೀ ಅವು, ಲಗ್ನಪತ್ರಿಕೆ ಏನು?" ಅಂತ ಕೇಳಿದರು. ಇಲ್ಲ ಅಜ್ಜಾ, ಆಡೋ ಕಾರ್ಡು ಅಂದೆ. ಅಜ್ಜ ಮಾತಾಡಲಿಲ್ಲ. ಸ್ವಲ್ಪ ಆ ಕಡೆ ಸರಿದು ಕೂತರು.

ಟೂರ್ನಮೆಂಟ್ ಮಾಡ್ತೀನಿ ಅಂತ ಹೊರಟರೆ ಮೊದಲು ಎದುರಾಗುವುದು ಹೀಗೆ ಸರಿದು ಕೂರುವವರೇ. ಅದರ ಬಗ್ಗೆ ಆಮೇಲೆ ಹೇಳ್ತೀನಿ. ಹಿಂದಿನ ಸಾಲಿನಲ್ಲಿ ಕೆಲವು ತಂದೆ-ತಾಯಂದಿರು ಇದ್ದಾರೆ, ಅವರಿಗಾಗಿ ಮೊದಲು ಆಟದ ಬಗ್ಗೆ ಎರಡು ಮಾತು.

ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. 1993ರಲ್ಲಿ ಅಮೆರಿಕದಲ್ಲಿ ಬಂತು. ರಿಚರ್ಡ್ ಗಾರ್‌ಫೀಲ್ಡ್ ಅನ್ನುವ ಗಣಿತದವರು ಕಟ್ಟಿದ್ದು, ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಹೊರತಂದದ್ದು. ಆಡುವ ಇಬ್ಬರೂ ಮಂತ್ರವಾದಿಗಳು ಅಂದುಕೊಳ್ಳಿ. ಇಬ್ಬರಿಗೂ 20 ಜೀವ. ಎದುರಿನವರ ಜೀವವನ್ನು ಸೊನ್ನೆಗೆ ಇಳಿಸಿದವರು ಗೆದ್ದರು. ಇಸ್ಪೀಟಿನ ಹಾಗೆ ಒಂದೇ ಕಟ್ಟು ಹಂಚಿಕೊಂಡು ಆಡುವುದಲ್ಲ. ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಜೋಡಿಸಿ ತರುತ್ತಾರೆ. ಕನಿಷ್ಠ 60 ಕಾರ್ಡು. ಮಾಮೂಲಿ ಭೂಮಿ ಕಾರ್ಡು ಬಿಟ್ಟರೆ ಒಂದೇ ಹೆಸರಿನದು ನಾಲ್ಕಕ್ಕಿಂತ ಜಾಸ್ತಿ ಇರುವಂತಿಲ್ಲ. ಭೂಮಿಯಿಂದ ಶಕ್ತಿ ಬರುತ್ತದೆ. ಆ ಶಕ್ತಿ ಖರ್ಚು ಮಾಡಿ ಪ್ರಾಣಿಗಳನ್ನು ಕರೆಯುತ್ತೀರಿ, ಮಂತ್ರ ಹಾಕುತ್ತೀರಿ. ಇಷ್ಟು ಸಾಕು. ಉಳಿದದ್ದನ್ನು ನಿಮ್ಮ ಮಕ್ಕಳು ಹೇಳ್ತಾರೆ, ಬೇಡ ಅಂದರೂ ಹೇಳ್ತಾರೆ.

ಈಗ ಸರಿದು ಕೂರುವವರ ವಿಷಯ. ನಾನು ಮೊದಲ ಸಲ ಒಂದು ಹಾಲ್ ಕೇಳಲು ಹೋದಾಗ ಅಲ್ಲಿಯ ಕಾವಲುಗಾರ ಕೀಲಿಗೊಂಚಲು ಕೈಯಲ್ಲಿ ಹಿಡಿದೇ ಕೇಳಿದ: "ಎಲಿ ಆಟ ಆಡಸ್ತೀರೇನ್ರೀ ಸರ್? ಪೊಲೀಸ್ರು ಬಂದ್ರ ನನ್ನ ಹಿಡಕೊಂಡು ಹೋಗ್ತಾರ." ಅವನದು ತಪ್ಪಿಲ್ಲ. ಪೇಪರಿನ ಒಳಪುಟದಲ್ಲಿ ಅಂದರ್-ಬಾಹರ್ ಆಡುತ್ತಿದ್ದವರನ್ನು ಹಿಡಿದ ಸುದ್ದಿ ಅವನೂ ಓದುತ್ತಾನಲ್ಲ.

ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. 1993ರ ಮೂಲ ನಿಯಮದಲ್ಲಿ ಪಣ ಇತ್ತು. ಆಟ ಶುರುವಾಗುವ ಮುಂಚೆ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡು ತೆಗೆದು ಪಕ್ಕಕ್ಕಿಡುವುದು. ಗೆದ್ದವರು ಎರಡನ್ನೂ ಒಯ್ಯುವುದು. ಬಹಳ ಜನಕ್ಕೆ ಇದು ಹಿಡಿಸಲಿಲ್ಲ, ಆ ಪದ್ಧತಿ ಬಿಟ್ಟುಹೋಯಿತು. ಪಣದ ಮಾತು ಬರೆದಿರುವ ಹಳೇ ಕಾರ್ಡುಗಳನ್ನು ಈಗ ಅಧಿಕೃತ ಟೂರ್ನಮೆಂಟಿನಲ್ಲಿ ಆಡುವಂತೆಯೇ ಇಲ್ಲ. ಆದರೆ ಕಾವಲುಗಾರನ ಅನುಮಾನ ಪೂರ್ತಿ ಹುಚ್ಚು ಅಂತಲ್ಲ, ಅಷ್ಟೇ ಹೇಳಿದ್ದು.

ಕಾನೂನು ಗೊತ್ತಿರುವವರು ಕರ್ನಾಟಕ ಪೊಲೀಸ್ ಕಾಯ್ದೆ, 1963ರ 176ನೇ ಕಲಂ ತೋರಿಸುತ್ತಾರೆ. ಜೂಜಿನ ಕಲಂಗಳಿಂದ ಕೌಶಲದ ಆಟಕ್ಕೆ ಅಲ್ಲಿ ವಿನಾಯಿತಿ ಇದೆ. ಇದೆ, ಸರಿ. ಆದರೆ ಹಾಲಿನ ಬಾಗಿಲಲ್ಲಿ ನಿಂತು ಕಲಂ ಓದಿದರೆ ಯಾರೂ ಬೀಗ ತೆಗೆಯಲ್ಲ. ನಾನು ಮಾಡಿದ್ದು ಇಷ್ಟೇ, ದುಡ್ಡನ್ನೇ ತೆಗೆದುಹಾಕಿದೆ. ಪ್ರವೇಶ ಶುಲ್ಕ ಹಾಲ್ ಬಾಡಿಗೆಗೆ ಮತ್ತು ಊಟಕ್ಕೆ. ನಗದು ಬಹುಮಾನ ಇಲ್ಲ. ಇದನ್ನು ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಆಮೇಲೆ ಕಾವಲುಗಾರನನ್ನೇ ಕೂರಿಸಿಕೊಂಡು ಒಂದು ಆಟ ಆಡಿದೆ. ಈಗ ಅವನು "ಡ್ರ್ಯಾಗನ್ ತಂದೀರೇನ್ರೀ?" ಅಂತ ಕೇಳ್ತಾನೆ.

ಮನೆಯಲ್ಲಿ ಹಿರಿಯರು ಬೈದರೆ ನಮ್ಮ ಹಳೇ ಎಲೆ ಆಟ ಗಂಜೀಫಾ ನೆನಪಿಸಿ. ದಶಾವತಾರ ಗಂಜೀಫಾಕ್ಕೆ 120 ದುಂಡನೆಯ ಎಲೆ. ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಎಲೆ ಆಟ ಕಟ್ಟಿದವರು. ಮತ್ಸ್ಯ, ಕೂರ್ಮ, ವರಾಹ ಎಲ್ಲರೂ ಕಾರ್ಡಿನ ಮೇಲೆ ಬಂದು ಹೋದ ನಾಡು ನಮ್ಮದು. ರೆಕ್ಕೆಯ ಹಾವು ಬಂದರೆ ಏನು ಮಹಾ?

ಈಗ ನಾನು ಇಲ್ಲಿಗೆ ಬಂದ ಕಾರಣಕ್ಕೆ ಬರ್ತೀನಿ. ಮೊದಲ ವರ್ಷ ನಾನು ನಾಕೌಟ್ ಇಟ್ಟಿದ್ದೆ. ಕ್ರಿಕೆಟ್, ಕಬಡ್ಡಿ, ಕೇರಂ ಎಲ್ಲ ಹಾಗೇ ನಡೆಸುತ್ತೇವಲ್ಲ. ಸೋತರೆ ಹೊರಗೆ. ಹದಿನಾರು ಜನ ಬಂದರು. ಆಳಂದದಿಂದ ಒಬ್ಬ ಹುಡುಗ ಬಂದಿದ್ದ, ಎಂಟನೇ ಕ್ಲಾಸು. ನಲವತ್ತು ಕಿಲೋಮೀಟರ್ ಬಸ್ಸು. ಇಸ್ತ್ರಿ ಮಾಡಿದ ಅಂಗಿ, ಮಿಠಾಯಿ ಡಬ್ಬಿಯಲ್ಲಿ ಜೋಡಿಸಿಟ್ಟ ಕಾರ್ಡು. ಹತ್ತೂವರೆಗೆ ಆಟ ಶುರು. ಹತ್ತೂ ಐವತ್ತೈದಕ್ಕೆ ಅವನು ಸೋತಿದ್ದ. ಜೊತೆಗೆ ಬಂದ ಅವನ ಸೋದರಮಾವನ ಮಗ ಗೆಲ್ಲುತ್ತಲೇ ಇದ್ದ. ಅವನು ಮುಗಿಸುವವರೆಗೂ ಇವನು ಊರಿಗೆ ಹೋಗುವಂತಿಲ್ಲ. ಮೆಟ್ಟಿಲ ಮೇಲೆ ಕೂತ. ಡಬ್ಬಿ ತೆಗೆಯೋದು, ಕಾರ್ಡು ನೋಡೋದು, ಮುಚ್ಚೋದು. ಮಧ್ಯಾಹ್ನ ಒಂದು ಗಂಟೆಗೆ ಆಟದಲ್ಲಿ ಉಳಿದವರು ನಾಲ್ಕು ಜನ. ನಾನು ಹದಿನಾರು ಜನಕ್ಕೆ ಊಟ ಹೇಳಿದ್ದೆ. ಸೋತವರು ಬಹಳಷ್ಟು ಜನ ಮುಖ ಸಣ್ಣದು ಮಾಡಿಕೊಂಡು ಹೊರಟುಹೋಗಿದ್ದರು. ರೊಟ್ಟಿ, ಎಣ್ಣೆಗಾಯಿ ಹಾಗೇ ಉಳಿಯಿತು. ಆ ಹುಡುಗ ಮುಂದಿನ ವರ್ಷ ಬರಲಿಲ್ಲ.

ಆಮೇಲೆ ಸ್ವಿಸ್ ಪದ್ಧತಿ ಕಲಿತೆ. ಇದು ಚೆಸ್‌ನಿಂದ ಬಂದದ್ದು, 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಬಳಸಿದ್ದರು, ಅದಕ್ಕೇ ಆ ಹೆಸರು. ಯಾರೂ ಹೊರಗೆ ಹೋಗುವುದಿಲ್ಲ. ಮೊದಲ ಸುತ್ತಿಗೆ ಚೀಟಿ ಎತ್ತಿ ಜೋಡಿ ಹಾಕುತ್ತೀರಿ. ಎರಡನೇ ಸುತ್ತಿನಿಂದ ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ಒಮ್ಮೆ ಆಡಿದ ಜೋಡಿ ಮತ್ತೆ ಎದುರುಬದುರು ಕೂರಬಾರದು. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ.

ಹದಿನಾರು ಜನಕ್ಕೆ ನಾಲ್ಕು ಸುತ್ತು ಬೇಕು. ಯಾವ ಆಟವೂ ಸಮವಾಗದಿದ್ದರೆ ಕೊನೆಗೆ ಲೆಕ್ಕ ಹೀಗೆ ಬರುತ್ತದೆ: ನಾಲ್ಕೂ ಗೆದ್ದವರು ಒಬ್ಬರು, ಮೂರು ಗೆದ್ದವರು ನಾಲ್ವರು, ಎರಡು ಗೆದ್ದವರು ಆರು ಜನ, ಒಂದು ಗೆದ್ದವರು ನಾಲ್ವರು, ಒಂದೂ ಗೆಲ್ಲದವರು ಒಬ್ಬರೇ. ಒಬ್ಬರೇ ನೋಡಿ! ನಾಕೌಟ್‌ನಲ್ಲಿ ಎಂಟು ಜನ ಒಂದೂ ಗೆಲ್ಲದೆ ಮನೆಗೆ ಹೋಗ್ತಾರೆ. ನನಗೆ ಈ ಲೆಕ್ಕ ಮೊದಲೇ ಗೊತ್ತಿದ್ದರೆ ಆ ಡಬ್ಬಿ ಹುಡುಗ ಮಧ್ಯಾಹ್ನ ಯಾರನ್ನಾದರೂ ಸೋಲಿಸಿ ಊಟಕ್ಕೆ ಕೂರುತ್ತಿದ್ದ.

ಮೂರು ಗೆದ್ದವರು ನಾಲ್ವರಿದ್ದಾರಲ್ಲ, ಅವರಲ್ಲಿ ಎರಡನೇ ಸ್ಥಾನ ಯಾರಿಗೆ? ನೀವು ಎದುರಿಸಿದವರು ಒಟ್ಟಾರೆ ಎಷ್ಟು ಗೆದ್ದರು ಅಂತ ನೋಡುತ್ತೇವೆ. ಗಟ್ಟಿ ಆಟಗಾರರ ಜೊತೆ ಆಡಿದವರು ಮೇಲೆ. ಇದರಿಂದ ಒಂದು ತಮಾಷೆ ಆಗುತ್ತದೆ. ಎರಡನೇ ವರ್ಷ ಒಬ್ಬ ಹುಡುಗ ಪಿಯುಸಿ ಓದುವ ಹುಡುಗಿಯೊಬ್ಬಳ ಎದುರು ಸೋತು ಅಳುವ ಹಾಗಾಗಿದ್ದ. ಮಿಕ್ಕ ಆಟ ಗೆದ್ದ. ನಾಲ್ಕನೇ ಸುತ್ತಿನಲ್ಲಿ ತನ್ನದು ಬೇಗ ಮುಗಿಸಿ ಅವಳ ಟೇಬಲ್ ಪಕ್ಕ ಬಂದು ನಿಂತ. ಬಾಯಿ ಬಿಡುವಂತಿಲ್ಲ, ನಿಯಮ. ಕೈ ಮುಗಿದುಕೊಂಡು ನಿಂತಿದ್ದ. ಅವಳು ಗೆದ್ದಾಗ "ಅಕ್ಕಾ!" ಅಂತ ಅವನೇ ಕುಣಿದ. ಬೆಳಿಗ್ಗೆ ತನ್ನನ್ನು ಸೋಲಿಸಿದವಳು ಸಂಜೆ ಗೆಲ್ಲಲಿ ಅಂತ ಬೇಡಿಕೊಳ್ಳುವ ಟೂರ್ನಮೆಂಟು ನಾನು ಬೇರೆಲ್ಲೂ ನೋಡಿಲ್ಲ.

ಹದಿನೇಳು ಜನ ಆದರೆ ಲೆಕ್ಕ ಐದು ಸುತ್ತಿಗೆ ಹೋಗುತ್ತದೆ. ಒಬ್ಬರು ಹೆಚ್ಚಿದರೆ ಒಂದು ಗಂಟೆ ಹೆಚ್ಚು. ಸಂಜೆಯ ಬಸ್ಸು ಅದನ್ನೆಲ್ಲ ಕೇಳಲ್ಲ. ಅದಕ್ಕೆ ನಾನು ಹದಿನಾರಕ್ಕೆ ನಿಲ್ಲಿಸುತ್ತೇನೆ. ಒಂದು ಸುತ್ತಿಗೆ 50 ನಿಮಿಷ, ಮೂರು ಆಟದಲ್ಲಿ ಎರಡು ಗೆಲ್ಲಬೇಕು. ಸಮಯ ಮುಗಿದ ಮೇಲೆ ಐದು ಸರದಿ ಕೊಡಿ, ಅಷ್ಟರಲ್ಲೂ ಆಗದಿದ್ದರೆ ಇದ್ದಷ್ಟಕ್ಕೆ ಲೆಕ್ಕ. ಹತ್ತೂವರೆಗೆ ಶುರು ಮಾಡಿ, ಎರಡು ಸುತ್ತು ಮುಗಿಸಿ, ಊಟ ಮಾಡಿ, ಇನ್ನೆರಡು ಆಡಿದರೆ ನಾಲ್ಕಕ್ಕೆ ಕೈ ತೊಳೆದುಕೊಳ್ಳಬಹುದು.

ಬೆಸ ಸಂಖ್ಯೆ ಬಂದರೆ ಒಬ್ಬರಿಗೆ ಬೈ ಕೊಡಬೇಕು. ಆಡದೇನೇ ಮೂರು ಅಂಕ. ಪುಸ್ತಕದ ಪ್ರಕಾರ ಅದು ಲಾಭ. ಆದರೆ ಮಕ್ಕಳಿಗೆ ಅದು ಶಿಕ್ಷೆ. ಬಂದಿದ್ದೇ ಆಡೋಕೆ, ಒಂದು ಗಂಟೆ ಸುಮ್ನೆ ಕೂತಿರು ಅಂದರೆ? ಅದಕ್ಕೆ ಒಬ್ಬರು ದೊಡ್ಡವರು ಡೆಕ್ ಹಿಡಿದುಕೊಂಡು ತಯಾರಿರಬೇಕು. ಬೆಸವಾದರೆ ಕೂತುಕೊಳ್ಳೋದು, ಸರಿ ಆದರೆ ಎದ್ದು ಚಹಾ ತರೋದು.

ಕಾರ್ಡುಗಳದ್ದೊಂದು ದೊಡ್ಡ ತಲೆನೋವು. ಹೈದರಾಬಾದಿನಲ್ಲಿ ಅಣ್ಣ ಕೆಲಸ ಮಾಡುತ್ತಿದ್ದರೆ ಹುಡುಗನ ಕೈಯಲ್ಲಿ ಅಪರೂಪದ ಕಾರ್ಡು. ಇಲ್ಲದಿದ್ದರೆ ಇಲ್ಲ. ಪಾಪರ್ ಅನ್ನುವ ಒಂದು ಬಗೆ ಇದೆ, ಸಾಮಾನ್ಯ ಕಾರ್ಡುಗಳಷ್ಟೇ ಹಾಕಬೇಕು. ಒಳ್ಳೆಯದೇ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಸಾಮಾನ್ಯ ಕಾರ್ಡುಗಳಿಂದಲೇ ಹದಿನಾರು ಡೆಕ್ ಕಟ್ಟಿ, ಬೆಳಿಗ್ಗೆ ಚೀಟಿ ಎತ್ತಿಸಿ ಹಂಚಿದೆ. ಸ್ವಂತ ಡೆಕ್ ಇರುವವರು ಗೊಣಗಿದರು. ಗೊಣಗಲಿ. ಅವರಿಗೆ ಬೇರೆ ದಿನ ಇಡಬಹುದು. ಜೆರಾಕ್ಸ್ ಕಾರ್ಡು ನಡೆಯುತ್ತಾ ಅಂತ ಎಲ್ಲರೂ ಕೇಳ್ತಾರೆ. ಅಧಿಕೃತ ಟೂರ್ನಮೆಂಟಿನಲ್ಲಿ ನಡೆಯಲ್ಲ. ನಮ್ಮದು ಗೆಳೆಯರ ಕೂಟ, ಹಾಗಾಗಿ ಪೋಸ್ಟರಿನಲ್ಲಿ 'ಅಧಿಕೃತ' ಅನ್ನುವ ಪದ ಹಾಕಲೇಬೇಡಿ.

ಇನ್ನು ಫ್ಯಾನು. ನಗಬೇಡಿ, ಇದು ನನ್ನ ದೊಡ್ಡ ಪಾಠ. ಏಪ್ರಿಲ್‌ನಲ್ಲಿ ಇಟ್ಟಿದ್ದೆ. ಹೊರಗೆ ನಲವತ್ತು ದಾಟಿದ ಬಿಸಿಲು, ಒಳಗೆ ಫ್ಯಾನು ಐದರಲ್ಲಿ. ಕಾರ್ಡಿಗೆ ಪ್ಲಾಸ್ಟಿಕ್ ಕವರು ಹಾಕಿರುತ್ತಾರೆ, ನುಣುಪು. ಎರಡನೇ ಸುತ್ತಿನಲ್ಲಿ ನಾಲ್ಕನೇ ಟೇಬಲ್ಲಿನ ಕಾರ್ಡು ಹಾರಿ ಐದನೆಯದರ ಮೇಲೆ ಬಿತ್ತು. ಯಾವ ಹಾವು ಯಾರದು, ಯಾವುದು ಸತ್ತಿತ್ತು, ಯಾವುದು ಬದುಕಿತ್ತು ಅಂತ ಜಗಳ. ಫ್ಯಾನು ನಿಲ್ಲಿಸಿದೆ. ಹತ್ತು ನಿಮಿಷಕ್ಕೆ ಬೆವರು ಕಾರ್ಡಿನ ಮೇಲೆ ತೊಟ್ಟಿಕ್ಕಿತು. ತೊಗರಿ ನಾಡಿನವರು ಅನ್ನುವ ಅಭಿಮಾನದಿಂದ ಕಾರ್ಡಿನ ಮೇಲೆ ತೊಗರಿ ಕಾಳು ಇಟ್ಟು ನೋಡಿದೆ. ಉರುಳಿ ಹೋದವು. ಕಡೆಗೆ ಹುಣಸೆ ಬೀಜ ಕೈ ಹಿಡಿಯಿತು. ಟೇಬಲ್ ಮೇಲೆ ಜಮಖಾನೆ ಹಾಸಿ, ಫ್ಯಾನು ಎರಡರಲ್ಲಿ ಇಡಿ, ಕಾರ್ಡಿನ ಮೇಲೆ ಹುಣಸೆ ಬೀಜ. ಜೀವದ ಲೆಕ್ಕಕ್ಕೆ ದಾಳ ಬೇಡ, ಮೊಣಕೈ ತಾಗಿದರೆ ಹದಿನೇಳು ಹೋಗಿ ಮೂರಾಗುತ್ತದೆ. ಪೆನ್ನು, ಕಾಗದ ಕೊಡಿ.

ಕಾರ್ಡಿನ ಮೇಲಿನ ಬರಹ ಎಲ್ಲ ಇಂಗ್ಲಿಷು. ಹುಡುಗರು ಅದನ್ನು ತಮ್ಮದೇ ಮಾಡಿಕೊಂಡುಬಿಟ್ಟಿದ್ದಾರೆ. ಭೂಮಿ ಕಾರ್ಡಿಗೆ 'ಹೊಲ'. ಸತ್ತ ಕಾರ್ಡು ಹೋಗುವ ಜಾಗಕ್ಕೆ 'ಸುಡುಗಾಡು'. ಕಾರ್ಡನ್ನು ಅಡ್ಡ ತಿರುಗಿಸಿ ಬಳಸುವುದಕ್ಕೆ 'ಮಲಗಿಸೋದು'. ಅರವತ್ತರಲ್ಲಿ ಇಪ್ಪತ್ನಾಲ್ಕು ಹೊಲ ಹಾಕಿದರೂ ಕೆಲವು ಸಲ ಕೈಗೆ ಒಂದೂ ಬರಲ್ಲ. "ಹೊಲಾನೇ ಇಲ್ಲ, ಬಿತ್ತೋದೇನು?" ಅಂತ ಒಬ್ಬ ಅಂದ. ಎಲ್ಲಕ್ಕಿಂತ ಪಜೀತಿ ತಂದದ್ದು ಶಕ್ತಿಯ ಇಂಗ್ಲಿಷ್ ಹೆಸರು, ಮಾನಾ. ಒಬ್ಬ ಹುಡುಗನ ಅಪ್ಪ ಕರೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಇವನು ಜೋರಾಗಿ, "ನನ್ ಬಲ್ಲಿ ಮಾನಾನೇ ಇಲ್ಲ, ನೀ ಏನ್ ಬೇಕಾದ್ರೂ ಮಾಡ್ಕೋ!" ಅಂದ. ಅಪ್ಪನ ಮುಖ ನೀವು ನೋಡಬೇಕಿತ್ತು.

ತೀರ್ಪು ಹೇಳುವವರು ಒಬ್ಬರು ಬೇಕು. ಅವರು ಆಡಬಾರದು. ನಿಯಮದ ಪೂರ್ತಿ ಪುಸ್ತಕ ಇನ್ನೂರೈವತ್ತು ಪುಟ ಮೀರುತ್ತದೆ, ಅದನ್ನು ಬಾಯಿಪಾಠ ಮಾಡಬೇಕಿಲ್ಲ. ಅದರ ಶುರುವಿನಲ್ಲೇ ಒಂದು ಮಾತಿದೆ: ನಿಯಮಕ್ಕೂ ಕಾರ್ಡಿನ ಮೇಲಿನ ಬರಹಕ್ಕೂ ತಕರಾರು ಬಂದರೆ ಕಾರ್ಡು ಹೇಳಿದ್ದೇ ನಡೆಯಬೇಕು. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ತೀರ್ಪು ತಪ್ಪಾದರೂ ಬೇಗ ಹೇಳಿಬಿಡಿ, ಎಲ್ಲರೂ ಕಾಯುತ್ತಿರುತ್ತಾರೆ.

ದಿನಾಂಕ ನೋಡಿಕೊಳ್ಳಿ. ಪರೀಕ್ಷೆ ತಿಂಗಳು ಬೇಡ. ನಮ್ಮಲ್ಲಿ ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸು ಇದ್ದಾಗ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲ್ಲ. ನಿಮ್ಮಲ್ಲಿ ಯಾವುದಕ್ಕೆ ಹಾಗಾಗುತ್ತದೆ ಅಂತ ನಿಮಗೇ ಗೊತ್ತು. ದೊಡ್ಡವರು ಸಣ್ಣ ಹುಡುಗರ ಒಳ್ಳೆ ಕಾರ್ಡು ಪುಸಲಾಯಿಸಿ ಬದಲಿ ಮಾಡಿಕೊಳ್ಳಲು ಬಿಡಬೇಡಿ. ನಾನು ಹಾಲಿನೊಳಗೆ ಅದನ್ನು ನಿಲ್ಲಿಸಿಯೇಬಿಟ್ಟೆ.

ಬಹುಮಾನಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ, ಬಿದ್ರಿ ನಿಮ್ಮ ಊರಿನದೇ. ಸಣ್ಣದೊಂದು ಕೀಚೈನ್ ಸಾಕು. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಅದರಲ್ಲಿ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಹಳೇ ಮಣ್ಣು ಹಚ್ಚಿದರೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇದನ್ನೇ ಒಂದು ಮ್ಯಾಜಿಕ್ ಕಾರ್ಡಿನ ಮೇಲೆ ಬರೆದಿದ್ದರೆ ಹುಡುಗರು ಮಂತ್ರ ಅಂತಲೇ ನಂಬುತ್ತಿದ್ದರು.

ಮಾತು ಸಾಕು. ಆ ಎರಡು ಟೇಬಲ್ ಜೋಡಿಸಿ, ಜಮಖಾನೆ ಹಾಸಿ. ಹುಣಸೆ ಬೀಜ ನನ್ನ ಚೀಲದಲ್ಲಿದೆ. ಎಣಿಸಿದೆ, ಆಡಲು ಹದಿಮೂರು ಜನ ಇದ್ದೀರಿ. ಬೆಸ. ಹಾಗಾದರೆ ನಾನೂ ಕೂತುಕೊಳ್ಳಬೇಕು. ತಮ್ಮಾ, ಆ ಫ್ಯಾನು ಎರಡಕ್ಕೆ ಇಳಿಸು.