ಸಿಡಿಯದ ನಕ್ಷತ್ರಗಳ ಪಾಲು

ಭಾರವಾದ ಧಾತುಗಳೆಲ್ಲ ನಕ್ಷತ್ರಗಳು ಸಿಡಿದಾಗ ಹುಟ್ಟಿದವು ಎಂಬ ಮಾತನ್ನು ನೀವು ಎಷ್ಟೋ ವಿಡಿಯೋಗಳಲ್ಲಿ ಕೇಳಿರುತ್ತೀರಿ. ಇದಕ್ಕೆ ನನ್ನ ತಕರಾರಿದೆ. ಚಿನ್ನ, ಯುರೇನಿಯಂಗಳ ಮಟ್ಟಿಗೆ ನಕ್ಷತ್ರಗಳ ಸ್ಫೋಟ, ಡಿಕ್ಕಿಗಳ ಕಥೆ ಸರಿ. ಆದರೆ ಕಬ್ಬಿಣಕ್ಕಿಂತ ಭಾರವಾದ ಧಾತುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಂದದ್ದು ಬಹುಮಟ್ಟಿಗೆ ಎಂದೂ ಸಿಡಿಯದ, ಸೂರ್ಯನಷ್ಟೇ ಅಥವಾ ಅದರ ಕೆಲವು ಪಟ್ಟು ತೂಗುವ ಮುದಿ ನಕ್ಷತ್ರಗಳಿಂದ. ಹೊಟ್ಟೆಯ ಎಕ್ಸ್‌ರೇಗೆ ಮುನ್ನ ಕುಡಿಸುವ ಬಿಳಿ ದ್ರವದಲ್ಲಿರುವ ಬೇರಿಯಂ ಬಹುಪಾಲು ಅಲ್ಲಿಯದೇ.

ಮುಪ್ಪಿನಲ್ಲಿ ಊದಿಕೊಂಡ ಕೆಂಪು ದೈತ್ಯದ ಒಡಲಾಳದಲ್ಲಿ ಕಾರ್ಬನ್-13, ಹೀಲಿಯಂ ಜೊತೆ ಬೆಸೆದು ನ್ಯೂಟ್ರಾನ್‌ಗಳನ್ನು ಹೊರಬಿಡುತ್ತದೆ. ಕಬ್ಬಿಣದ ನ್ಯೂಕ್ಲಿಯಸ್ ಅವನ್ನು ಒಂದೊಂದಾಗಿ ನುಂಗುತ್ತದೆ. ಒಂದು ಸೇರಿದ ಮೇಲೆ ಇನ್ನೊಂದು ಸೇರಲು ವರ್ಷಗಳೇ ಹಿಡಿಯಬಹುದು. ಒಳಸೇರಿದ ನ್ಯೂಟ್ರಾನ್‌ಗಳಲ್ಲಿ ಕೆಲವು ಪ್ರೋಟಾನ್‌ಗಳಾಗಿ ಬದಲಾದಾಗ ಧಾತುವೇ ಬದಲಾಗುತ್ತದೆ. ಹೀಗೇ ಮೇಲೇರುತ್ತ ಸ್ಟ್ರಾನ್ಷಿಯಂ, ಬೇರಿಯಂ, ಕೊನೆಗೆ ಸೀಸದವರೆಗೂ ತಲುಪುತ್ತದೆ. ಒಳಗಿನ ಕುದಿತ ಈ ಸರಕನ್ನು ಮೇಲ್ಮೈಗೆ ಎತ್ತಿ ತರುತ್ತದೆ.

ಇದು ಬರೀ ಊಹೆಯಲ್ಲ. 1952ರಲ್ಲಿ ಖಗೋಳ ವಿಜ್ಞಾನಿ ಪಾಲ್ ಮೆರಿಲ್ ಇಂಥ ಕೆಲವು ನಕ್ಷತ್ರಗಳ ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತುವಿನ ಗೆರೆಗಳನ್ನು ಗುರುತಿಸಿದರು. ಅಲ್ಲಿ ತಯಾರಾಗುವ ಟೆಕ್ನೀಷಿಯಂ-99ರ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧ ಸವೆಯಲು ಹಿಡಿಯುವ ಕಾಲ, ಸುಮಾರು 2.1 ಲಕ್ಷ ವರ್ಷ. ನಕ್ಷತ್ರದ ವಯಸ್ಸೋ ಕೋಟಿಗಟ್ಟಲೆ ವರ್ಷ. ಹುಟ್ಟುವಾಗಲೇ ಇದ್ದಿದ್ದರೆ ಎಂದೋ ಕರಗಿಹೋಗಬೇಕಿತ್ತು. ಅಂದರೆ ಅದು ತಯಾರಾದದ್ದು ಅಲ್ಲೇ, ಇತ್ತೀಚೆಗೆ. ಖಗೋಳ ವಿಜ್ಞಾನದಲ್ಲಿ ಇಷ್ಟು ನೇರವಾದ ಸಾಕ್ಷ್ಯ ಅಪರೂಪ.

ಇನ್ನೊಂದು ಒಗಟಿತ್ತು. ಮಕರ ರಾಶಿಯ ಜೀಟಾ ಎಂಬ ನಕ್ಷತ್ರದಂಥ ಕೆಲವು ದೈತ್ಯಗಳಲ್ಲಿ ಬೇರಿಯಂ ತುಂಬಿ ತುಳುಕುತ್ತದೆ. ಅದನ್ನು ತಯಾರಿಸುವಷ್ಟು ಮುಪ್ಪು ಅವಕ್ಕಿನ್ನೂ ಬಂದಿಲ್ಲ, ಟೆಕ್ನೀಷಿಯಂ ಕೂಡ ಇಲ್ಲ. 1980ರ ದಶಕದಲ್ಲಿ ರಾಬರ್ಟ್ ಮೆಕ್‌ಕ್ಲೂರ್ ಮತ್ತು ಸಂಗಡಿಗರು ಇವುಗಳ ವೇಗವನ್ನು ವರ್ಷಗಟ್ಟಲೆ ಅಳೆದರು. ಒಂದು ಸಲ ನಮ್ಮತ್ತ, ಒಂದು ಸಲ ಆಚೆಗೆ ತೂಗಾಡುತ್ತಿದ್ದವು. ಅಂದರೆ ಪಕ್ಕದಲ್ಲಿ ಕಣ್ಣಿಗೆ ಬೀಳದ ಸಂಗಾತಿಯಿದೆ, ಅದೊಂದು ಶ್ವೇತಕುಬ್ಜ, ಉರಿದು ಮುಗಿದ ನಕ್ಷತ್ರದ ಪುಟ್ಟ ತಿರುಳು. ಹಿಂದೆ ಅದೇ ಕೆಂಪು ದೈತ್ಯವಾಗಿದ್ದಾಗ ತನ್ನ ಹೊದಿಕೆಯನ್ನು ಗಾಳಿಯಾಗಿ ಊದಿತ್ತು. ಒಂದಿಷ್ಟು ಪಾಲು ಈ ಜೊತೆಗಾರನ ಮೈಗೆ ಅಂಟಿತು. ಟೆಕ್ನೀಷಿಯಂ ಕಾಲಕ್ರಮೇಣ ಸವೆಯಿತು, ಬೇರಿಯಂ ಉಳಿಯಿತು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಈ ಬಗೆಯ ನಕ್ಷತ್ರಗಳನ್ನು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕದಿಂದ ಅಧ್ಯಯನ ಮಾಡುತ್ತಿದ್ದಾರೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯಿಂದ. ಇಷ್ಟು ಹತ್ತಿರದಲ್ಲಿ ನಡೆಯುವ ಕೆಲಸ ನಮ್ಮ ಮಕ್ಕಳ ವಿಜ್ಞಾನ ಪಾಠಕ್ಕೆ ಬರಲೇಬೇಕು, ಸೂಪರ್‌ನೋವಾದ, ಅಂದರೆ ಸಿಡಿಯುವ ನಕ್ಷತ್ರದ, ಚಿತ್ರದ ಪಕ್ಕದಲ್ಲೇ.