ಒಂಟಿ ನಿಂತ ಮೆಕ್ಕೆಜೋಳ

ನಮಸ್ಕಾರ.

ನವೆಂಬರ್ ತಿಂಗಳಲ್ಲಿ ನಮ್ಮ ದಾವಣಗೆರೆ ಸೀಮೆಗೆ ಬಂದವರಿಗೆ ಇದು ಗೊತ್ತಿರುತ್ತೆ. ರಸ್ತೆಯ ಅರ್ಧ ಭಾಗ ಹಳದಿ. ಅಂಚಿಗೆ ಸಾಲಾಗಿ ಕಲ್ಲಿಟ್ಟು, ಒಳಗೆ ಮೆಕ್ಕೆಜೋಳ ಹರಡಿರ್ತಾರೆ. ಇಬ್ಬನಿ ಆರಿದ ಮೇಲೆ ಹರಡೋದು, ಬಿಸಿಲೇರಿದಂತೆ ಬರಿಗಾಲಲ್ಲಿ ಸಾಲು ಎಳೀತಾ ತಿರುವಿ ಹಾಕೋದು, ಸಂಜೆಗೆ ಗುಡ್ಡೆ ಮಾಡಿ ತಾಡಪಾಲು ಮುಚ್ಚೋದು, ರಾತ್ರಿ ಅದರ ಪಕ್ಕದಲ್ಲೇ ಮಲಗೋದು. ನಮ್ಮಪ್ಪ ಒಂದು ಕಾಳನ್ನ ಬಾಯಿಗೆ ಹಾಕಿ ಕಡೀತಾರೆ. ಕಟ್ ಅಂತ ಸದ್ದು ಬಂದರೆ, "ಆಯ್ತು, ಒಣಗೈತೆ, ಚೀಲಕ್ಕೆ ತುಂಬ್ರಪ್ಪ" ಅಂತಾರೆ. ಮಾರುಕಟ್ಟೆಯಲ್ಲಿ ತೇವಾಂಶ ನೂರಕ್ಕೆ 14 ದಾಟಬಾರದು. ಅಪ್ಪನ ಹಲ್ಲಿನ ಲೆಕ್ಕಕ್ಕೂ ವ್ಯಾಪಾರಿಯ ಮೀಟರಿನ ಲೆಕ್ಕಕ್ಕೂ ಒಂದೆರಡು ಅಂಕದ ವ್ಯತ್ಯಾಸ ಬಂದರೆ ಸಾಕು, ಅಲ್ಲಿಗೆ ಒಂದು ವಾರದ ಕಾವಲು ನೀರಲ್ಲಿ ಹೋಮ.

2025ರ ನವೆಂಬರಿನಲ್ಲಿ ಹೀಗೆ ಒಣಗಿಸಿದ ಮೆಕ್ಕೆಜೋಳಕ್ಕೆ ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು 1,600ರಿಂದ 1,800. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ದಿನಗಟ್ಟಲೆ ಧರಣಿ ಕೂತರು. ಹಾವೇರಿಯಲ್ಲೂ ಕೂತರು. ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ನೀವೂ ಸುದ್ದಿಯಲ್ಲಿ ನೋಡಿರ್ತೀರಿ.

ಬೆಲೆ ಬಿದ್ದಿದ್ದರ ಬಗ್ಗೆ ಆಗ ಎಲ್ಲರೂ ಮಾತಾಡಿದರು. ನಾನು ಇವತ್ತು ಅದರ ಹಿಂದಿನ ಒಂದು ಮಾತು ಹೇಳಬೇಕು ಅಂತ ಕೂತಿದ್ದೀನಿ. ನಾವು ಮೆಕ್ಕೆಜೋಳವನ್ನ ಒಂಟಿಯಾಗಿ ಬೆಳೀತಿದ್ದೀವಿ. ಪ್ರಪಂಚ ಪೂರ್ತಿ ಹಾಗೇ ಬೆಳೀತಿದೆ. ಮಣ್ಣು ಕೆಡೋದು, ನೀರು ಕೆಡೋದು, ಬೆಲೆ ಬಿದ್ದಾಗ ರೈತನ ಕೈಯಲ್ಲಿ ಬೇರೇನೂ ಉಳಿಯದೇ ಇರೋದು, ಈ ಮೂರೂ ಒಂದೇ ಬೇರಿನ ಫಲ ಅಂತ ನನಗೆ ಅನಿಸುತ್ತೆ. ಯಾಕೆ ಅಂತ ಹೇಳ್ತೀನಿ.

1961ರಲ್ಲಿ ಇಡೀ ಪ್ರಪಂಚ ಬೆಳೆದ ಮೆಕ್ಕೆಜೋಳ ಸುಮಾರು 20 ಕೋಟಿ ಟನ್. ಈಗ ವರ್ಷಕ್ಕೆ 120 ಕೋಟಿ ಟನ್ ಆಸುಪಾಸು. ಭತ್ತ, ಗೋಧಿ ಎರಡನ್ನೂ ಅದು ಹಿಂದೆ ಹಾಕಿ ಎಷ್ಟೋ ವರ್ಷ ಆಯ್ತು. ಅಮೆರಿಕ ಒಂದೇ 38 ಕೋಟಿ ಟನ್ ಸುತ್ತಮುತ್ತ ಬೆಳೆಯುತ್ತೆ, ಚೀನಾ 29 ಕೋಟಿ, ಬ್ರೆಜಿಲ್ 12–13 ಕೋಟಿ. ನಮ್ಮ ಭಾರತ 2023-24ರಲ್ಲಿ ಬೆಳೆದದ್ದು ಸುಮಾರು 3.8 ಕೋಟಿ ಟನ್. ಇಷ್ಟು ಕಾಳಲ್ಲಿ ಮನುಷ್ಯರ ತಟ್ಟೆಗೆ ನೇರವಾಗಿ ಬರೋದು ಸಣ್ಣ ಪಾಲು. ಮೆಕ್ಸಿಕೊದಲ್ಲಿ, ಆಫ್ರಿಕಾದ ಮಲಾವಿ, ಜಾಂಬಿಯಾದಂಥ ದೇಶಗಳಲ್ಲಿ ಜನ ಇದನ್ನೇ ಉಂಡು ಬದುಕ್ತಾರೆ. ನಮಗೆ ರಾಗಿ ಮುದ್ದೆ, ಜೋಳದ ರೊಟ್ಟಿ ಹೇಗೋ ಅವರಿಗೆ ಇದು ಹಾಗೆ. 2024ರ ಬರದಲ್ಲಿ ಮಲಾವಿ, ಜಾಂಬಿಯಾ ಎರಡೂ ರಾಷ್ಟ್ರೀಯ ವಿಪತ್ತು ಘೋಷಿಸಿದ್ದು ಮೆಕ್ಕೆಜೋಳ ಹೊಲದಲ್ಲೇ ಸುಟ್ಟು ಹೋಗಿದ್ದಕ್ಕೆ. ಉಳಿದ ಕಡೆಯೆಲ್ಲ ಬಹುಪಾಲು ಹೋಗೋದು ಕೋಳಿ, ಹಂದಿ, ದನದ ಮೇವಿಗೆ, ಆಮೇಲೆ ಗಾಡಿಯ ಟ್ಯಾಂಕಿಗೆ. ಅಮೆರಿಕದಲ್ಲಂತೂ ಬೆಳೆಯ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಎಥೆನಾಲ್ ಆಗುತ್ತೆ.

ಅಮೆರಿಕದ ಅಯೋವಾ ರಾಜ್ಯವನ್ನ ನಾವು ಸ್ವಲ್ಪ ನಿಂತು ನೋಡಬೇಕು. ಯಾಕಂದರೆ ನಮ್ಮ ರೈತರಿಗೆ ತೋರಿಸೋ ಮಾದರಿ ಅದೇ. 2023ರಲ್ಲಿ ಆ ದೇಶದ ಸರಾಸರಿ ಇಳುವರಿ ನಮ್ಮ ಲೆಕ್ಕದಲ್ಲಿ ಎಕರೆಗೆ 45 ಕ್ವಿಂಟಲ್. ನಮ್ಮ ದೇಶದ ಸರಾಸರಿ 13–14 ಕ್ವಿಂಟಲ್. ಕೇಳಿದರೆ ಯಾರಿಗಾದರೂ ಆಸೆ ಆಗುತ್ತೆ. ನಮ್ಮಪ್ಪನಿಗೂ ಆಯ್ತು. ಆದರೆ ಅಯೋವಾದಲ್ಲಿ ಕಣ್ಣು ಹಾಯಿಸಿದಷ್ಟೂ ಎರಡೇ ಬೆಳೆ. ಒಂದು ವರ್ಷ ಮೆಕ್ಕೆಜೋಳ, ಇನ್ನೊಂದು ವರ್ಷ ಸೋಯಾ. ಮೆಕ್ಕೆಜೋಳ ಸಾರಜನಕವನ್ನ ಬಕಾಸುರನ ಹಾಗೆ ಬೇಡುತ್ತೆ. ಗೊಬ್ಬರವಾಗಿ ಹಾಕಿದ್ದರಲ್ಲಿ ಬೆಳೆ ಹೀರಿ ಉಳಿದದ್ದು ಮಳೆ ನೀರಿನ ಜೊತೆ ಇಳಿದು ಹೊಳೆ ಸೇರುತ್ತೆ, ಹೊಳೆಯಿಂದ ಮಿಸಿಸಿಪ್ಪಿ ನದಿ, ಅಲ್ಲಿಂದ ಮೆಕ್ಸಿಕೊ ಕೊಲ್ಲಿ. ಆ ಸಾರಜನಕಕ್ಕೆ ಪಾಚಿ ಉಕ್ಕಿ ಬೆಳೆದು ಕೊಳೆತು, ಆ ಕೊಲ್ಲಿಯಲ್ಲಿ ಪ್ರತಿ ಬೇಸಿಗೆ ಸಾವಿರಾರು ಚದರ ಕಿಲೋಮೀಟರ್ ನೀರಲ್ಲಿ ಮೀನಿಗೆ ಉಸಿರಾಡಲು ಆಮ್ಲಜನಕ ಇರಲ್ಲ.

ಸಮುದ್ರ ದೂರ ಆಯ್ತು ಅನ್ನಿ. ಅಯೋವಾದ ರಾಜಧಾನಿ ಡೆ ಮೊಯಿನ್ ಅನ್ನೋ ಊರು. ಕುಡಿಯೋ ನೀರಿಂದ ನೈಟ್ರೇಟ್, ಅಂದರೆ ನೀರಲ್ಲಿ ಕರಗಿದ ಸಾರಜನಕದ ಲವಣ, ತೆಗೆಯೋದಕ್ಕೆ ಅಂತಲೇ ಅಲ್ಲಿ 1990ರ ದಶಕದಲ್ಲೇ ಘಟಕ ಕಟ್ಟಿದ್ದಾರೆ. 2015ರಲ್ಲಿ ಊರಿನ ನೀರು ಸರಬರಾಜು ಸಂಸ್ಥೆ, ನದಿಯ ಮೇಲ್ಭಾಗದ ಮೂರು ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥವುಗಳ, ಮೇಲೆ ಮೊಕದ್ದಮೆಯನ್ನೂ ಹೂಡಿತು. 2017ರಲ್ಲಿ ಅದು ವಜಾ ಆಯ್ತು. 2025ರ ಬೇಸಿಗೆಯಲ್ಲಿ ನದಿಯ ನೈಟ್ರೇಟ್ ಎಷ್ಟು ಏರಿತು ಅಂದರೆ, ಮನೆ ಮುಂದಿನ ಹುಲ್ಲಿಗೆ ನೀರು ಹಾಕಬೇಡಿ ಅಂತ ಇಡೀ ಊರಿಗೆ ನಿಷೇಧ ಹಾಕಿದರು. ನೀರಿಗೆ ಬರ ಬಂದಿರಲಿಲ್ಲ. ನದಿ ತುಂಬಿ ಹರೀತಿತ್ತು. ಶುದ್ಧ ಮಾಡೋ ಘಟಕಕ್ಕೆ ಕೈ ಸಾಲಲಿಲ್ಲ, ಅಷ್ಟೇ. ಎಕರೆಗೆ 45 ಕ್ವಿಂಟಲ್ ಅಂತ ಹೇಳೋ ಕಂಪನಿ ಪ್ರತಿನಿಧಿಗಳು ಈ ಭಾಗವನ್ನ ಹೇಳಲ್ಲ. ಹೇಳಬೇಕು.

ಬ್ರೆಜಿಲ್ ಕಥೆ ಬೇರೆ. ಮಾಟೊ ಗ್ರೊಸೊ ರಾಜ್ಯದಲ್ಲಿ ಜನವರಿ–ಫೆಬ್ರವರಿಯಲ್ಲಿ ಸೋಯಾ ಕೊಯ್ಯೋ ಯಂತ್ರ ಮುಂದೆ ಹೋಗ್ತಾ ಇದ್ದ ಹಾಗೇ ಹಿಂದೆಯೇ ಮೆಕ್ಕೆಜೋಳ ಬಿತ್ತೋ ಯಂತ್ರ ಬರುತ್ತೆ. ಆ ಎರಡನೇ ಬೆಳೆಗೆ ಅವರ ಮಾತಲ್ಲಿ ಸಫ್ರಿಂಞಾ, ಅಂದರೆ ಪುಟ್ಟ ಸುಗ್ಗಿ ಅಂತ ಹೆಸರು. ಈಗ ಆ ಪುಟ್ಟ ಸುಗ್ಗಿಯೇ ದೇಶದ ಮುಕ್ಕಾಲು ಪಾಲು ಬೆಳೆ. 2022-23ರಲ್ಲಿ ರಫ್ತಿನಲ್ಲಿ ಬ್ರೆಜಿಲ್ ಅಮೆರಿಕವನ್ನೇ ಮೀರಿಸಿತು. ಇದಕ್ಕಾಗಿ ಸೆರಾಡೊ ಅನ್ನೋ ವಿಶಾಲವಾದ ಹುಲ್ಲುಗಾಡು ಎಷ್ಟೋ ಕಡೆ ಹೊಲವಾಗಿ ಹೋಗಿದೆ, ಅದು ಸರಿಪಡಿಸಲಾಗದ ನಷ್ಟ. ಆದರೂ ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಒಂದು ಒಳ್ಳೆ ಪದ್ಧತಿ ಕಲಿಸಿದೆ. ಮೆಕ್ಕೆಜೋಳದ ಜೊತೆಗೇ ಬ್ರಾಕಿಯಾರಿಯಾ ಹುಲ್ಲು ಬಿತ್ತೋದು. ತೆನೆ ಮುರಿದ ಮೇಲೆ ಹುಲ್ಲು ಏಳುತ್ತೆ, ದನ ಮೇಯುತ್ತೆ, ಉಳಿದ ಹುಲ್ಲು ಮುಂದಿನ ಸೋಯಾಕ್ಕೆ ಹೊದಿಕೆ ಆಗುತ್ತೆ. ಉಳುಮೆ ಬೇಡ. ಅಂದರೆ ಲಕ್ಷಾಂತರ ಎಕರೆಯ ದೊಡ್ಡ ಬೇಸಾಯದಲ್ಲೂ ಮೆಕ್ಕೆಜೋಳಕ್ಕೆ ಜೊತೆ ಕೊಡಬಹುದು.

ಈಗ ನಮ್ಮ ದೇಶಕ್ಕೆ ಬರ್ತೀನಿ. ಪೆಟ್ರೋಲಿಗೆ ನೂರಕ್ಕೆ 20 ಎಥೆನಾಲ್ ಬೆರೆಸೋ ಗುರಿಯನ್ನ ಕೇಂದ್ರ 2030ರಿಂದ 2025-26ಕ್ಕೆ ಹಿಂದಕ್ಕೆ ತಂತು. ಕಾರ್ಖಾನೆಗಳು ಮೆಕ್ಕೆಜೋಳದ ಮೇಲೆ ಬಿದ್ದವು. 2023-24ರಲ್ಲಿ ಎಥೆನಾಲ್‌ನ ಅತಿ ದೊಡ್ಡ ಕಚ್ಚಾವಸ್ತು ಮೆಕ್ಕೆಜೋಳವೇ ಆಯ್ತು. ರಫ್ತು ಮಾಡ್ತಿದ್ದ ದೇಶ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸಿಕೊಳ್ಳೋ ಸ್ಥಿತಿಗೆ ಬಂತು. ಬೆಲೆ ಏರಿತು. ಕೋಳಿ ಸಾಕೋರು ಕಂಗಾಲಾದರು, ನಮ್ಮೋರು ಹುರುಪಿಂದ ಇನ್ನಷ್ಟು ಬಿತ್ತಿದರು. ಅಷ್ಟರಲ್ಲಿ ಕೇಂದ್ರ ಸರ್ಕಾರ ಭಾರತೀಯ ಆಹಾರ ನಿಗಮದ ಅಕ್ಕಿಯನ್ನೂ ಎಥೆನಾಲ್‌ಗೆ ಬಿಟ್ಟಿತು. ಬೆಳೆ ಕೈಗೆ ಬರೋ ಹೊತ್ತಿಗೆ ಬೆಲೆ ಪಾತಾಳ. ಒಂದೇ ಬೆಳೆ ನಂಬಿ, ಆ ಬೆಳೆಯ ಗಿರಾಕಿ ದೂರದ ಒಂದು ಆದೇಶವನ್ನ ನಂಬಿಕೊಂಡಿದ್ದರೆ ಹೀಗೇ ಆಗೋದು. ಇದರ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಣಿಜ್ಯ ಕಾರ್ಯದರ್ಶಿ ಹೋವರ್ಡ್ ಲಟ್ನಿಕ್, 140 ಕೋಟಿ ಜನ ಇರೋ ಭಾರತ ನಮ್ಮಿಂದ ಒಂದು ಬುಷೆಲ್ ಮೆಕ್ಕೆಜೋಳವನ್ನೂ ಯಾಕೆ ಕೊಳ್ಳಲ್ಲ ಅಂತ ಕೇಳಿದರು. ಒಂದು ಬುಷೆಲ್ ಅಂದರೆ ಇಪ್ಪತ್ತೈದು ಕಿಲೋ ಚಿಲ್ಲರೆ. ಅವರಿಗೆ ನನ್ನ ಉತ್ತರ, ನಮ್ಮ ರಸ್ತೆ ಮೇಲೆ ಒಣಗ್ತಿರೋದನ್ನೇ ಕೊಳ್ಳೋರಿಲ್ಲ ಸ್ವಾಮಿ.

ಒಂಟಿ ಬೆಳೆಗೆ ರೋಗ ಕೀಟವೂ ಬೇಗ. ಫಾಲ್ ಸೈನಿಕ ಹುಳು ಮೂಲತಃ ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾಕ್ಕೆ ಬಂತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲೇ. ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಹಿಂಬದಿಯಲ್ಲಿ ಚೌಕಾಕಾರಕ್ಕೆ ನಾಲ್ಕು ಕಪ್ಪು ಚುಕ್ಕೆ. ಸುಳಿ ಒಳಗೆ ಕೂತು ತಿಂದು, ಮರದ ಹೊಟ್ಟಿನಂಥ ಹಿಕ್ಕೆಯಿಂದ ಸುಳಿಯ ಬಾಯಿ ಮುಚ್ಚಿಕೊಳ್ಳುತ್ತೆ. ಹಾಗಾಗಿ ಔಷಧಿ ಹೊಡೆದರೂ ತಾಗಲ್ಲ. ತೌಡು, ಬೆಲ್ಲ ಕಲಸಿ ಔಷಧಿ ಬೆರೆಸಿ, ಒಂದೊಂದೇ ಗಿಡದ ಸುಳಿಗೆ ಚಿಟಿಕೆ ಚಿಟಿಕೆ ಹಾಕ್ತಾ ನಮ್ಮವ್ವ ನಾಲ್ಕು ಎಕರೆ ನಡೆದಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೆಕ್ಕೆಜೋಳ ಹುಟ್ಟಿದ್ದು ಒಂಟಿಯಾಗಿ ಅಲ್ಲ. ಸುಮಾರು 9,000 ವರ್ಷದ ಹಿಂದೆ ದಕ್ಷಿಣ ಮೆಕ್ಸಿಕೊದ ಬಾಲ್ಸಾಸ್ ಕಣಿವೆಯಲ್ಲಿ ಟಿಯೋಸಿಂಟೆ ಅನ್ನೋ ಕಾಡು ಹುಲ್ಲನ್ನ ಅಲ್ಲಿನ ಜನ ಸಾಕಿ ಪಳಗಿಸಿದರು. ಬೆರಳುದ್ದದ ತೆನೆ, ಅದರಲ್ಲಿ ಹತ್ತು ಹನ್ನೆರಡು ಗಟ್ಟಿ ಕಾಳು. ಅದನ್ನ ಇವತ್ತಿನ ತೆನೆ ಮಾಡಿದ್ದು ರೈತರು. ಅವರ ಹೊಲಕ್ಕೆ ಮಿಲ್ಪಾ ಅಂತಾರೆ. ಮೆಕ್ಕೆಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬುತ್ತೆ, ಅದರ ಬೇರಿನ ಗಂಟು ಸಾರಜನಕ ಕೊಡುತ್ತೆ, ಕೆಳಗೆ ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತೆ. ಇನ್ನೊಂದು ಅದ್ಭುತ ಹೇಳ್ತೀನಿ. ವಾಹಾಕಾ ರಾಜ್ಯದ ಸಿಯೆರಾ ಮಿಹೆ ಬೆಟ್ಟಗಳಲ್ಲಿ ಒಂದು ನಾಟಿ ತಳಿ ಇದೆ. ಆಳಿಗಿಂತ ಎಷ್ಟೋ ಎತ್ತರ. ದಂಟಿನ ಗೆಣ್ಣು ಗೆಣ್ಣಿಗೂ ನೆಲ ಮುಟ್ಟದ ಬೇರು, ಕೆಂಪಗೆ, ಬೆರಳಿನ ಗಾತ್ರ. ಮಳೆ ಬಂದಾಗ ಆ ಬೇರಿಂದ ಲೋಳೆಸರದ ರಸದಂಥ ಲೋಳೆ ತೊಟ್ಟಿಕ್ಕುತ್ತೆ. ಆ ಲೋಳೆಯೊಳಗೆ ಇರೋ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನ ಹಿಡಿದು ಗಿಡಕ್ಕೆ ಕೊಡ್ತವೆ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಗಿಡ ತನ್ನ ಸಾರಜನಕದಲ್ಲಿ ನೂರಕ್ಕೆ 29ರಿಂದ 82ರಷ್ಟನ್ನ ಗಾಳಿಯಿಂದಲೇ ಪಡೆಯುತ್ತೆ. ಯೂರಿಯಾ ಚೀಲಕ್ಕೆ ಸೂರ್ಯ ಹುಟ್ಟೋ ಮುಂಚೆ ಸರದಿ ನಿಂತ ನನ್ನಂಥವನಿಗೆ ಇದನ್ನ ಓದಿದ ದಿನ ನಿದ್ದೆ ಬರಲಿಲ್ಲ.

ಮಿಲ್ಪಾ ನಮಗೆ ಹೊಸದಲ್ಲ. ನಮ್ಮಲ್ಲಿ ಅದಕ್ಕೆ ಅಕ್ಕಡಿ ಸಾಲು ಅಂತಾರೆ. ಕೂರಿಗೆ ಹಿಂದೆ ಕಾಳು ಬಿಡೋ ಸಡ್ಡೆ ಕೊಳವೆ ಕಟ್ಟಿ, ನಮ್ಮಜ್ಜಿ ಉಡಿಯಲ್ಲಿ ತೊಗರಿ, ಅವರೆ, ಅಲಸಂದೆ ಕಟ್ಟಿಕೊಂಡು ಹಿಂದೆ ನಡೀತಿದ್ದರು. ಜೋಳ, ರಾಗಿ ಮನೆಗೆ ಬಂದ ಮೇಲೂ ಹೊಲದಲ್ಲಿ ತೊಗರಿ ನಿಂತಿರ್ತಿತ್ತು. ಮಳೆ ಕೈಕೊಟ್ಟರೂ ಸಾರಿಗೆ ಬೇಳೆ ಇರ್ತಿತ್ತು.

ಅದು ಹೋಗಿದ್ದು ಹೇಗೆ? ರೈತರಿಗೆ ತಿಳಿವಳಿಕೆ ಇಲ್ಲ ಅಂತ ಭಾಷಣ ಮಾಡೋರಿಗೆ ಇದನ್ನ ಹೇಳಲೇಬೇಕು. ಎಡೆಕುಂಟೆ ಹೊಡೆಯೋಕೆ ಎತ್ತಿಲ್ಲ. ಕಳೆ ತೆಗೆಯೋಕೆ ಆಳಿಲ್ಲ, ಸಿಕ್ಕರೂ ಕೂಲಿ ಕೊಡೋ ಶಕ್ತಿ ಇಲ್ಲ. ಅದಕ್ಕೆ ಬಿತ್ತಿದ ಎರಡು ಮೂರು ದಿನದಲ್ಲಿ ಅಟ್ರಾಜಿನ್ ಅನ್ನೋ ಕಳೆನಾಶಕ ಹೊಡೀತಾರೆ. ಅದು ಮೆಕ್ಕೆಜೋಳಕ್ಕೆ ಏನೂ ಮಾಡಲ್ಲ, ಆದರೆ ದ್ವಿದಳ ಬೆಳೆಗೆ ಆಗಿ ಬರಲ್ಲ. ಕಳೆಯ ಜೊತೆ ಅಕ್ಕಡಿಯೂ ಹೋಯ್ತು. ಒಂದು ಡಬ್ಬಿ ಔಷಧಿ ಅಜ್ಜಿಯ ಉಡಿಯನ್ನ ಖಾಲಿ ಮಾಡಿತು.

ಅಯೋವಾದಲ್ಲೇ ಇದಕ್ಕೆ ಉತ್ತರ ಹುಡುಕಿದೋರೂ ಇದ್ದಾರೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಸ್ಡೆನ್ ಫಾರ್ಮಿನಲ್ಲಿ ಮ್ಯಾಟ್ ಲೀಬ್‌ಮನ್ ಮತ್ತು ಜೊತೆಗಾರರು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಒಂದು ತುಂಡಲ್ಲಿ ವಾಡಿಕೆಯ ಹಾಗೆ ಮೆಕ್ಕೆಜೋಳ–ಸೋಯಾ. ಇನ್ನೊಂದರಲ್ಲಿ ಮೂರು ವರ್ಷದ ಸುತ್ತು, ಮತ್ತೊಂದರಲ್ಲಿ ನಾಲ್ಕು ವರ್ಷದ ಸುತ್ತು. ಅದರಲ್ಲಿ ಓಟ್ಸ್‌ನಂಥ ಕಿರು ಕಾಳು, ಕೆಂಪು ಕ್ಲೋವರ್, ಕುದುರೆ ಮೆಂತ್ಯ ಅನ್ನೋ ಮೇವಿನ ಬೆಳೆ, ಜೊತೆಗೆ ಕೊಟ್ಟಿಗೆ ಗೊಬ್ಬರ. 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಉದ್ದ ಸುತ್ತಿನಲ್ಲಿ ರಾಸಾಯನಿಕ ಸಾರಜನಕವೂ ಕಳೆನಾಶಕವೂ ನೂರಕ್ಕೆ ಎಂಬತ್ತಕ್ಕೂ ಮೀರಿ ಇಳಿಯಿತು. ಮೆಕ್ಕೆಜೋಳದ ಇಳುವರಿ ಕಡಿಮೆ ಆಗಲಿಲ್ಲ, ಸ್ವಲ್ಪ ಹೆಚ್ಚೇ ಬಂತು. ಲಾಭ ಸಮ ಸಮ. ದುಡಿಮೆ ಮಾತ್ರ ಜಾಸ್ತಿ ಬೇಕಾಯ್ತು. ಇಷ್ಟು ಗೊತ್ತಿದ್ದೂ ಅಯೋವಾ ಬದಲಾಗಲಿಲ್ಲ. ಕಾರಣ, ಓಟ್ಸಿಗೆ, ಕುದುರೆ ಮೆಂತ್ಯಕ್ಕೆ ಹತ್ತಿರದಲ್ಲಿ ಗಿರಾಕಿ ಇಲ್ಲ. ಮೆಕ್ಕೆಜೋಳಕ್ಕೆ ಎಥೆನಾಲ್ ಕಾರ್ಖಾನೆ ಇದೆ, ವಿಮೆ ಇದೆ, ಸಬ್ಸಿಡಿ ಇದೆ.

ನಮಗೂ ಅದೇ ಆಗ್ತಿದೆ. ತೊಗರಿಗೆ ಬೆಂಬಲ ಬೆಲೆ ಇದೆ, ಆದರೆ ನಮ್ಮ ಜಿಲ್ಲೆಯ ಸಣ್ಣ ರೈತ ಎರಡು ಚೀಲ ತೊಗರಿ ಹಿಡಿದು ಎಲ್ಲಿಗೆ ಹೋಗಬೇಕು? ಖರೀದಿ ಕೇಂದ್ರ ಅವನ ಎರಡು ಚೀಲಕ್ಕೂ ತೆರೀಬೇಕು. ಎಥೆನಾಲ್‌ಗೆ ಮೆಕ್ಕೆಜೋಳ ಕೊಳ್ಳೋ ಕಾರ್ಖಾನೆ ಬೆಂಬಲ ಬೆಲೆಗಿಂತ ಒಂದು ರೂಪಾಯಿ ಕಡಿಮೆಗೆ ಕೊಳ್ಳಬಾರದು. ಯೂರಿಯಾಕ್ಕೆ ಸುರಿಯೋ ಸಬ್ಸಿಡಿಯಲ್ಲಿ ಒಂದು ಪಾಲನ್ನ ಅಕ್ಕಡಿ ಹಾಕಿದ ಎಕರೆಗೆ ನೇರ ಕೊಡಲಿ, ಆ ಎಕರೆ ಅಷ್ಟು ಯೂರಿಯಾ ಉಳಿಸಿರುತ್ತೆ. ಹೋಬಳಿಗೊಂದು ಒಣಗಿಸೋ ಯಂತ್ರ ಇರಲಿ. ಸುಸ್ಥಿರ ಕೃಷಿ ಅಂತ ಬ್ಯಾನರ್ ಕಟ್ಟೋ ಮೊದಲು ಇವು ನಾಲ್ಕು ಆಗಬೇಕು ಅಂತ ನಾನು ಕೈಮುಗಿದು ಕೇಳ್ತೀನಿ.

ಹೋದ ಮುಂಗಾರಿಗೆ ನಾವು ನಾಲ್ಕು ಎಕರೆಯಲ್ಲಿ ಒಂದು ಎಕರೆ ಬಿಡಿಸಿಕೊಂಡು, ಆರು ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ತೊಗರಿ ಹಾಕಿದ್ವಿ. ಅಟ್ರಾಜಿನ್ ಬಿಟ್ಟು ಪೆಂಡಿಮಿಥಾಲಿನ್ ಹೊಡೆದ್ವಿ, ಅದು ಎರಡಕ್ಕೂ ಆಗುತ್ತೆ. ಮೊದಲ ತಿಂಗಳು ಚೆನ್ನಾಗಿತ್ತು. ಆಮೇಲೆ ಜಡಿ ಮಳೆ ಹಿಡಿದು ಕಳೆ ಎದ್ದಾಗ ನಮ್ಮ ಕೈಲಿ ಆಗಲಿಲ್ಲ, ಮನೆ ಮಂದಿಯೆಲ್ಲ ಒಂಬತ್ತು ದಿನ ಕಳೆ ಕಿತ್ತೆವು. ಮೆಕ್ಕೆಜೋಳ ಎರಡು ಚೀಲ ಕಡಿಮೆ ಬಂತು. ತೊಗರಿ ಮೂರು ಚೀಲ ಆಯ್ತು. ಮೆಕ್ಕೆಜೋಳದ ಬೆಲೆ ಬಿದ್ದ ಆ ವರ್ಷ ಅಪ್ಪ ಆ ಮೂರು ಚೀಲದಲ್ಲಿ ಒಂದನ್ನ ಮಾರಲಿಲ್ಲ, ಮನೆಗೆ ಇಟ್ಟುಕೊಂಡರು. ಈ ಸಲ ಎರಡು ಎಕರೆಗೆ ಹಾಕೋಣ ಅಂತ ಅವರೇ ಹೇಳ್ತಿದ್ದಾರೆ. ಹೊನ್ನಾಳಿ, ಹರಪನಹಳ್ಳಿ, ರಾಣೆಬೆನ್ನೂರು ಕಡೆಯೋರು ಯಾರಾದರೂ ಹೀಗೆ ಬೆಳೆದಿದ್ದರೆ, ಆ ಎರಡನೇ ಕಳೆಯನ್ನ ಹೇಗೆ ಸಂಭಾಳಿಸಿದಿರಿ ಅಂತ ದಯವಿಟ್ಟು ನನಗೆ ತಿಳಿಸಿ. ಬಿತ್ತನೆಗೆ ಇನ್ನು ಹೆಚ್ಚು ದಿನ ಇಲ್ಲ.