ಬರಿಗಾಲ ಶೂ: ಮೊದಲು ಅಗಲ, ಆಮೇಲೆ ತೆಳು

ನಮಸ್ಕಾರ. ಕುಕ್ಕರಹಳ್ಳಿ ಕೆರೆ, ಬೆಳಗ್ಗೆ ಆರೂ ಕಾಲು. ಮೈಸೂರಲ್ಲಿ ಓಡೋರಿಗೆ ಇದಕ್ಕಿಂತ ಒಳ್ಳೆ ನೆಲ ಬೇಕಾ? ಮಣ್ಣುದಾರಿ, ಮೇಲೆ ನೆರಳು, ಅಲ್ಲಲ್ಲಿ ಮರದ ಬೇರು. ಕ್ಯಾಮೆರಾ ಈಗ ಕೆಳಗಿಳೀತು, ಕಾಲು ನೋಡಿ. ಹೆಬ್ಬೆರಳು ಯಾವ ಕಡೆ ತಿರುಗಿದೆ ಅಂತ ಶೂ ಹೊರಗಿಂದಲೇ ಗೊತ್ತಾಗ್ತಿದೆ. ನೆಟ್ಟಗೆ ಮುಂದಕ್ಕಿದೆ, ಪಕ್ಕದ ಬೆರಳಿನ ಮೇಲೆ ಒರಗಿಲ್ಲ.

ಬರಿಗಾಲ ಶೂ, ಅಂದ್ರೆ ಮೆತ್ತೆ ಇಲ್ಲದೆ, ಬರಿಗಾಲಲ್ಲೇ ಓಡಿದ ಹಾಗಿರೋ ತೆಳು ಸೋಲ್ ಶೂ. ಆ ಹೆಸರು ಅಂದ ತಕ್ಷಣ ಎಲ್ಲರೂ ಕೇಳೋದು ಸೋಲ್ ಎಷ್ಟು ತೆಳು ಅಂತ. ಮೂರು ಮಿಲಿಮೀಟರಾ, ಆರಾ? ಅದನ್ನ ಆಮೇಲೆ ಕೇಳಿ. ಮೊದಲು ಬೆರಳಿರೋ ಜಾಗ ಎಷ್ಟು ಅಗಲ ಅಂತ ನೋಡಿ. ತೆಳು ಸೋಲ್‌ಗೆ ಕಾಲು ನಿಧಾನವಾಗಿ ಒಗ್ಗುತ್ತೆ. ಇಕ್ಕಟ್ಟಿಗೆ ಒಗ್ಗಲ್ಲ. ಕಾಲು ನೆಲಕ್ಕೆ ಬಿದ್ದಾಗ ಬೆರಳುಗಳು ಬೀಸಣಿಗೆ ಥರ ಹರಡಿ ಭಾರ ಹಂಚಿಕೊಳ್ಳುತ್ತವೆ. ಮೆತ್ತೆ ಇಲ್ಲದ ಶೂನಲ್ಲಿ ಕಾಲಿಗೆ ಅದೇ ಆಧಾರ. ಹರಡೋಕೆ ಜಾಗ ಇಲ್ಲ ಅಂದ್ರೆ ಭಾರವೆಲ್ಲ ಬೆರಳ ಬುಡದ ಗಂಟುಗಳ ಮೇಲೆ ಕೂತುಬಿಡುತ್ತೆ.

ಮನೆಗೆ ಬಂದ್ವಿ. ಗೋಡೆಗೆ ತಾಗಿಸಿ ಎ4 ಹಾಳೆ, ಹಿಮ್ಮಡಿ ಗೋಡೆಗೆ ಒತ್ತಿರಬೇಕು, ಪೂರ್ತಿ ಭಾರ ಆ ಕಾಲಿನ ಮೇಲೆ. ಕೂತ್ಕೊಂಡು ಅಳೀಬೇಡಿ. ಅಳೆಯೋದು ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುತ್ತೆ. ಈಗ ಪೆನ್ಸಿಲ್ ನೋಡಿ. ಇಲ್ಲೇ ಎಲ್ಲರೂ ಎಡವೋದು. ಪೆನ್ಸಿಲ್ ಒಳಗಡೆ ಒಂಚೂರು ವಾಲಿದ್ರೂ ಸಾಕು, ಒಂದೊಂದು ಬದಿಗೆ ಎರಡು ಮೂರು ಮಿಲಿಮೀಟರ್ ನುಂಗಿಹಾಕುತ್ತೆ. ಎರಡೂ ಬದಿ ಸೇರಿದ್ರೆ ನಾಲ್ಕರಿಂದ ಆರು. ಅಗಲದ ಲೆಕ್ಕದಲ್ಲಿ ಐದು ಮಿಲಿಮೀಟರ್ ಅಂದ್ರೆ ಶೂ ಹಿಡಿಸೋದಕ್ಕೂ ಕಿರುಬೆರಳಿನ ಉಗುರು ಕಪ್ಪಾಗೋದಕ್ಕೂ ಇರೋ ವ್ಯತ್ಯಾಸ. ಹಾಗಾಗಿ ಪೆನ್ಸಿಲ್ ಕಂಬದ ಥರ ನೆಟ್ಟಗಿರಲಿ. ಗೆರೆ ಎಳೆಯೋಕೆ ಇನ್ನೊಬ್ಬರನ್ನ ಕರೀರಿ, ನೀವೇ ಬಗ್ಗಿದ್ರೆ ಭಾರ ಹಿಂದಕ್ಕೆ ಹೋಗುತ್ತೆ. ಎರಡೂ ಕಾಲು ಅಳೀರಿ, ದೊಡ್ಡದೇ ಲೆಕ್ಕ. ಕೆಲವರಿಗೆ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಇರುತ್ತೆ, ಆಗ ಅದರ ತುದಿವರೆಗೂ ಅಳೀಬೇಕು.

ಈ ಹಾಳೆಯಲ್ಲಿ ಉದ್ದ 262, ಅಗಲ 104 ಮಿಲಿಮೀಟರ್. ಓಡೋಕೆ ಅಂದ್ರೆ ಮುಂದೆ ಎಂಟರಿಂದ ಹನ್ನೆರಡು ಮಿಲಿಮೀಟರ್ ಖಾಲಿ ಬೇಕು. ಅಂದ್ರೆ ಒಳ ಉದ್ದ 270ರಿಂದ 274. ಈ ಸಂಖ್ಯೆ ಇಟ್ಕೊಂಡೇ ಕಂಪನಿ ಚಾರ್ಟ್ ನೋಡಿ, ಸೈಜ್ ನಂಬರ್ ನೋಡ್ಬೇಡಿ. ಯಾಕೆ ಅಂದ್ರೆ ಯುಕೆ ಸೈಜ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 8.5 ಮಿಲಿಮೀಟರ್ ಹೆಚ್ಚುತ್ತೆ, ಯೂರೋಪ್ ಸೈಜ್‌ನಲ್ಲಿ ಸುಮಾರು 6.7. ಎರಡು ಏಣಿಗಳ ಮೆಟ್ಟಿಲ ಅಂತರವೇ ಬೇರೆ, ಹೊಂದೋದಾದ್ರೂ ಹೇಗೆ? ಎಂಟು ಅಂದ್ರೆ 42 ಅಂತ ಒಂದು ಕಡೆ ಹಾಕಿರ್ತಾರೆ, ಇನ್ನೊಂದು ಕಡೆ 42.5. ಇಂಥ ಶೂಗಳು ಹೆಚ್ಚಾಗಿ ಹೊರದೇಶದಿಂದ ಬರೋದು, ಹತ್ತು ಸಾವಿರ ದಾಟೋದು ಸಾಮಾನ್ಯ, ಮೇಲೆ ಸುಂಕ, ಜಿಎಸ್‌ಟಿ. ಸೈಜ್ ತಪ್ಪಿ ವಾಪಸ್ ಕಳಿಸೋಕೆ ಹೋದ್ರೆ ಕೊರಿಯರ್ ಖರ್ಚೂ ತಲೆ ಮೇಲೆ. ಅರ್ಧ ಗಂಟೆ ಹಾಳೆ ಮುಂದೆ ಕಳೆದ್ರೆ ಇಷ್ಟೂ ತಪ್ಪುತ್ತೆ.

ಶೂ ಕೈಗೆ ಬಂದ್ಮೇಲೆ ಮೊದಲು ಇನ್‌ಸೋಲ್, ಅಂದ್ರೆ ಒಳಗಿನ ಬಿಡಿ ಅಟ್ಟೆ, ಈಚೆ ತೆಗೀರಿ. ಅದರ ಮೇಲೆ ನಿಂತ್ಕೊಳ್ಳಿ. ಬೆರಳು ಅಂಚಿನಿಂದ ಆಚೆ ಚಾಚಿದ್ರೆ ಆ ಶೂ ಬೇಡ. ಬಟ್ಟೆ ಹಿಗ್ಗುತ್ತೆ ಅಂತ ಅಂಗಡಿಯವರು ಹೇಳ್ತಾರೆ. ಬಟ್ಟೆ ಹಿಗ್ಗಬಹುದು, ಸೋಲ್ ಹಿಗ್ಗಲ್ಲ. ಆಮೇಲೆ ಸುರುಳಿ ಸುತ್ತಿ ನೋಡಿ, ಚಪಾತಿ ಸುತ್ತೋ ಥರ ಸುತ್ತಬೇಕು. ಬಟ್ಟೆ ಹಿಂಡೋ ಥರ ತಿರುಚಿ. ಶೂನಲ್ಲಿ ಹಿಮ್ಮಡಿ ಸುತ್ತ ಇರೋ ಗೋಡೆಯನ್ನ ಹೆಬ್ಬೆಟ್ಟಿನಿಂದ ಒತ್ತಿದ್ರೆ ಕುಸೀಬೇಕು. ಜೀರೋ ಡ್ರಾಪ್, ಅಂದ್ರೆ ಹಿಂದೆ ಮುಂದೆ ಒಂದೇ ದಪ್ಪ ಅಂತ ಬರೆದಿದ್ರೂ ಇನ್‌ಸೋಲ್ ಹಿಂದೆ ದಪ್ಪ, ಮುಂದೆ ತೆಳು ಇರೋ ಶೂಗಳಿವೆ. ಬೆರಳಲ್ಲಿ ಹಿಡಿದು ನೋಡಿದ್ರೆ ತಿಳಿಯುತ್ತೆ.

ಡ್ರಾಪ್ ಅಂದ್ರೆ ಹಿಮ್ಮಡಿ ಕೆಳಗಿನ ದಪ್ಪ ಬೆರಳ ಕೆಳಗಿಗಿಂತ ಎಷ್ಟು ಜಾಸ್ತಿ ಅನ್ನೋದು. ಮಾಮೂಲಿ ರನ್ನಿಂಗ್ ಶೂನಲ್ಲಿ ಎಂಟರಿಂದ ಹನ್ನೆರಡು ಮಿಲಿಮೀಟರ್, ಇದರಲ್ಲಿ ಸೊನ್ನೆ. ಸೊನ್ನೆ ಡ್ರಾಪ್ ಇದ್ದ ಮಾತ್ರಕ್ಕೆ ಬರಿಗಾಲ ಶೂ ಆಗಲ್ಲ. ಆಲ್ಟ್ರಾ ಕಂಪನಿಯ ಲೋನ್ ಪೀಕ್ ಶೂ ನೋಡಿ, ಡ್ರಾಪ್ ಸೊನ್ನೆ, ಮುಂಭಾಗ ಅಗಲ, ಆದ್ರೆ ಕಾಲ ಕೆಳಗೆ ಸುಮಾರು 25 ಮಿಲಿಮೀಟರ್ ಮೆತ್ತೆ. ಒಳ್ಳೆ ಶೂನೇ. ಮಾಮೂಲಿ ಶೂ ಬಿಟ್ಟು ಬರೋರಿಗೆ ಮೊದಲ ಮೆಟ್ಟಿಲಾಗಿ ಅದನ್ನೇ ಹೇಳ್ತೀನಿ.

ಈಗ ಟಾರ್ ರಸ್ತೆ. ಶಬ್ದ ಕೇಳಿ. ಟಪ್ ಟಪ್ ಅಂತ ಜೋರಾಗಿ ಬಡೀತಿದ್ರೆ ಕಾಲು ಮೈಗಿಂತ ತುಂಬ ಮುಂದೆ ಬೀಳ್ತಿದೆ ಅಂತ. ಹೆಜ್ಜೆ ಚಿಕ್ಕದು ಮಾಡಿ. ಮುಂಗಾಲು ಮೊದಲು ತಾಗಲಿ, ಆದ್ರೆ ಹಿಮ್ಮಡಿಯೂ ನೆಲ ಮುಟ್ಟಲೇಬೇಕು. ಹಿಮ್ಮಡಿ ಮುಟ್ಟಿಸದೆ ತುದಿಗಾಲಲ್ಲೇ ಓಡೋರಿಗೆ ಮೀನಖಂಡ ಕಲ್ಲಾಗುತ್ತೆ, ಮುಂದೆ ಹಿಮ್ಮಡಿ ನರ ಹಿಡ್ಕೊಳ್ಳುತ್ತೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಡೇನಿಯಲ್ ಲೀಬರ್ಮನ್ ತಂಡ 2010ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ತೋರಿಸಿದ್ದು ಇಷ್ಟು: ಬರಿಗಾಲಲ್ಲಿ ಓಡಿ ರೂಢಿ ಇರೋರು ಹೆಚ್ಚಾಗಿ ಮುಂಗಾಲು ಊರ್ತಾರೆ, ಹಾಗೆ ಊರಿದಾಗ ನೆಲದ ಮೊದಲ ಹೊಡೆತ ಕಡಿಮೆ. ಗಾಯವೇ ಆಗಲ್ಲ ಅಂತ ಆ ಲೇಖನ ಹೇಳಿಲ್ಲ, ಜನ ಹಾಗೆ ಓದ್ಕೊಂಡ್ರು. ಐದು ಬೆರಳಿನ ಶೂ ಮಾಡೋ ವೈಬ್ರಮ್ ಕಂಪನಿ ಮೇಲೆ ಅದರ ಜಾಹೀರಾತಿನ ಆರೋಗ್ಯದ ಮಾತುಗಳಿಗೆ ಅಮೆರಿಕದಲ್ಲಿ ದಾವೆ ಬಿತ್ತು. ತಪ್ಪು ಒಪ್ಪಿಕೊಳ್ಳದೇ 2014ರಲ್ಲಿ 37.5 ಲಕ್ಷ ಡಾಲರ್‌ಗೆ ರಾಜಿ ಮಾಡ್ಕೊಂಡ್ರು.

ಅಬೆಬೆ ಬಿಕಿಲಾ ಹೆಸರು ಬಂದೇ ಬರುತ್ತೆ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಬರಿಗಾಲಲ್ಲಿ ಗೆದ್ದ ಇಥಿಯೋಪಿಯಾದ ಓಟಗಾರ, 2 ಗಂಟೆ 15 ನಿಮಿಷ 16 ಸೆಕೆಂಡ್. ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿ ಓಡಿ, ಇನ್ನೂ ಮೂರು ನಿಮಿಷ ಬೇಗ ಮುಗಿಸಿ ಮತ್ತೆ ಗೆದ್ದರು. ಎರಡನ್ನೂ ಸೇರಿಸಿ ಹೇಳಬೇಕು. ಕಂಬಳದಲ್ಲಿ ಕೋಣದ ಹಿಂದೆ ಬರಿಗಾಲಲ್ಲೇ ಓಡ್ತಾರಲ್ಲ ಅಂತಾರೆ. ಅದು ಕೆಸರುಗದ್ದೆ, ಓಟ ಕೆಲವೇ ಸೆಕೆಂಡು. ಟಾರ್ ಮೇಲೆ ಹತ್ತು ಕಿಲೋಮೀಟರ್ ಓಡೋದೇ ಬೇರೆ. ಸರಿ, ರಸ್ತೆ ಮುಗೀತಾ ಬಂತು. ರಸ್ತೆಗೆ ಬೇಕಾದ್ದು: ಸೋಲ್ ದಪ್ಪ ಇನ್‌ಸೋಲ್ ಸೇರಿ ಆರರಿಂದ ಹತ್ತು ಮಿಲಿಮೀಟರ್, ಅಡಿ ಹೆಚ್ಚುಕಮ್ಮಿ ಚಪ್ಪಟೆ, ಒಂದು ಶೂ ಇನ್ನೂರು ಗ್ರಾಂ ಒಳಗೆ.

ಇದು ಊರಾಚೆ ಬಂಡಿ ದಾರಿ. ನಿಲ್ಲಿ, ಇಲ್ಲೊಂದು ತೋರಿಸಬೇಕು. ಎಡಗಾಲಿನ ಸೋಲ್, ಇನ್ನೂ ಹತ್ತಿರದಿಂದ. ನೆಗ್ಗಿಲು ಮುಳ್ಳು. ಹೇಗೆ ಬಿದ್ರೂ ಒಂದು ಮೊನೆ ಮೇಲಕ್ಕೇ ನೋಡ್ತಿರುತ್ತೆ. ನಾಲ್ಕು ಮಿಲಿಮೀಟರಿನ ಮೆದು ರಬ್ಬರಿಗೆ ಇದು ಸಲೀಸಾಗಿ ಇಳಿಯುತ್ತೆ. ಪಕ್ಕದಲ್ಲಿ ಕಾಣ್ತಿರೋ ಬಿಳಿ ಜೋಡಿ ಮುಳ್ಳು ಜಾಲಿ ಮರದ್ದು. ಅದು ಯಾವ ಬರಿಗಾಲ ಶೂವನ್ನೂ ಬಿಡಲ್ಲ. ಚುಚ್ಚಿದ ತಕ್ಷಣ ನೋವಾದ್ರೆ ಅದೃಷ್ಟ, ಅಲ್ಲೇ ಕಿತ್ತು ಬಿಸಾಕಬಹುದು. ತೊಂದರೆ ಕೊಡೋದು ಅರ್ಧಕ್ಕೆ ಮುರಿದು ಒಳಗೆ ಉಳಿಯೋ ಮುಳ್ಳು. ಹೊರಗಿಂದ ಕಾಣಲ್ಲ, ಅವತ್ತು ಚುಚ್ಚೋದೂ ಇಲ್ಲ. ಆದ್ರೆ ಒಂದೊಂದು ಹೆಜ್ಜೆಗೂ ಕೂದಲೆಳೆಯಷ್ಟು ಮೇಲಕ್ಕೆ ಬರುತ್ತೆ, ಮೂರು ನಾಲ್ಕು ದಿನ ಆದ್ಮೇಲೆ ನುಣುಪು ರಸ್ತೆ ಮೇಲೆ ಓಡ್ತಿರುವಾಗ ಚುಳ್ ಅನ್ನುತ್ತೆ. ಓಡಿ ಬಂದ್ಮೇಲೆ ಪ್ರತಿ ಸಲ ಇನ್‌ಸೋಲ್ ತೆಗೆದು, ಒಳಗೆ ಹತ್ತಿ ಉಂಡೆ ಆಡಿಸಿ. ಬೆರಳು ಹಾಕ್ಬೇಡಿ. ಹತ್ತಿ ಎಳೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೋ ಅಲ್ಲಿದೆ ಮುಳ್ಳು. ಸೋಲನ್ನ ಹೊರಗಡೆಗೆ ಬಾಗಿಸಿ, ತೂತು ಬಾಯಿ ಬಿಡುತ್ತೆ, ನೇಲ್ ಕಟ್ಟರ್ ತುದಿಯಲ್ಲಿ ಹಿಡಿದು ಎಳೀರಿ. ಸಿಗದೇ ಹೋದ್ರೆ ಒಳಗಿಂದ ದಬ್ಬಳ ಇಟ್ಟು ಹೊರಕ್ಕೆ ನೂಕಿ. ನೆಗ್ಗಿಲಿನ ತೂತು ತಾನೇ ಮುಚ್ಚಿಕೊಳ್ಳುತ್ತೆ. ಜಾಲಿಯ ತೂತಿಗೆ ಪಂಕ್ಚರ್ ಅಂಗಡಿಯ ರಬ್ಬರ್ ಸೊಲ್ಯೂಷನ್ ಒಂದು ಹನಿ ಸಾಕು, ಇಲ್ದಿದ್ರೆ ಮಳೆಯಲ್ಲಿ ನೀರು ಒಳಗೆ ಬರುತ್ತೆ.

ಮೆಕ್ಸಿಕೋದ ಕಾಪರ್ ಕ್ಯಾನ್ಯನ್ ಕಡೆಯ ರಾರಾಮುರಿ ಜನ ಹಳೇ ಟೈರ್ ಕೊಯ್ದು ಮಾಡಿದ ಚಪ್ಪಲಿಯಲ್ಲೇ ಬೆಟ್ಟದಲ್ಲಿ ಓಡ್ತಾರೆ. ಟೈರ್ ಚಪ್ಪಲಿ ನಮ್ಮ ಹಳ್ಳಿಗಳಲ್ಲೂ ಇತ್ತು, ಹೊಲದಲ್ಲಿ ಮುಳ್ಳು ತಡೆಯೋಕೆ. ಟೈರ್ ರಬ್ಬರ್ ಗಡಸು. ಮುಳ್ಳಿನ ದಾರಿಗೆ ದಪ್ಪಕ್ಕಿಂತ ಗಡಸು ಮುಖ್ಯ. ಆದ್ರೆ ಒದ್ದೆ ಬಂಡೆ ಮೇಲೆ ಗಡಸು ರಬ್ಬರ್ ಜಾರುತ್ತೆ, ಮೆದು ರಬ್ಬರ್ ಹಿಡಿಯುತ್ತೆ. ನಿಮ್ಮ ದಾರಿಯಲ್ಲಿ ಮುಳ್ಳು ಜಾಸ್ತಿಯಾ, ಬಂಡೆ ಜಾಸ್ತಿಯಾ, ಅದನ್ನ ನೋಡ್ಕೊಂಡು ಆರಿಸಿ.

ಅಡಿಯ ಗುಬುಟುಗಳನ್ನ ಲಗ್ ಅಂತಾರೆ. ಒಣ ಮಣ್ಣು, ಜಲ್ಲಿ, ಬಂಡೆಗೆ ಮೂರು ಮಿಲಿಮೀಟರ್ ಸಾಕು. ಐದಾರು ಮಿಲಿಮೀಟರ್ ಲಗ್ ಬೇಡವೇ ಬೇಡ, ತೆಳು ಸೋಲ್‌ನಲ್ಲಿ ಗಟ್ಟಿ ನೆಲದ ಮೇಲೆ ಒಂದೊಂದು ಗುಬುಟೂ ಕಾಲಿಗೆ ಒತ್ತುತ್ತೆ. ಮಲೆನಾಡಿನ ಜುಲೈ ಕೆಸರಿಗೆ ಮಾತ್ರ ಈ ಮಾತು ಸಲ್ಲಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಇಳಿಜಾರಲ್ಲಿ ಕೆಸರಿಗೆ ಕಚ್ಚಿ ನಿಲ್ಲೋಕೆ ಉದ್ದ ಲಗ್ ಬೇಕೇ ಬೇಕು, ಅದೂ ಒಂದಕ್ಕೊಂದು ದೂರ ಇರಬೇಕು, ಇಲ್ದಿದ್ರೆ ಮಣ್ಣು ತುಂಬ್ಕೊಂಡು ಚಪ್ಪಟೆ ಆಗಿಬಿಡುತ್ತೆ. ರಾಕ್ ಪ್ಲೇಟ್, ಅಂದ್ರೆ ಕಲ್ಲು ಒತ್ತದ ಹಾಗೆ ಸೋಲ್ ಒಳಗೆ ಇಡೋ ಗಟ್ಟಿ ತಟ್ಟೆ, ಇರೋದು ತಗೋಬೇಡಿ, ಶೂ ಹಲಗೆ ಆಗುತ್ತೆ. ಚೂಪು ಜಲ್ಲಿ ದಾರಿಯಲ್ಲೇ ದಿನಾ ಓಡೋರು ಮಾತ್ರ ತಗೊಳ್ಳಿ, ಅಂಗಾಲಲ್ಲಿ ಕಲ್ಲೇಟು ಬಿದ್ರೆ ವಾರಗಟ್ಟಲೆ ಊರೋಕಾಗಲ್ಲ. ಇಳಿಜಾರಿಗೆ ಲೇಸನ್ನ ಕೊನೇ ತೂತಲ್ಲಿ ಕುಣಿಕೆ ಮಾಡಿ ಅಡ್ಡ ಎಳೆದು ಬಿಗೀರಿ, ಬೆರಳು ಮುಂದೆ ಗುದ್ದಲ್ಲ.

ರಸ್ತೆಗೊಂದು ಮಣ್ಣಿಗೊಂದು ಎರಡು ಜೊತೆ ಬೇಕು ಅಂತ ಹೇಳೋಣ ಅಂತಿದ್ದೆ. ಆದ್ರೆ ಕುಕ್ಕರಹಳ್ಳಿ ಥರದ ಮಣ್ಣು, ಅಲ್ಲಿಗೆ ಹೋಗೋ ಟಾರ್ ರಸ್ತೆ, ಇಷ್ಟೇ ನಿಮ್ಮ ಓಟ ಅಂದ್ರೆ ಎರಡೂವರೆ ಮೂರು ಮಿಲಿಮೀಟರ್ ಲಗ್ ಇರೋ ಒಂದೇ ಜೊತೆ ಸಾಕು. ಲಗ್ ಟಾರ್ ಮೇಲೆ ಬೇಗ ಸವೆಯುತ್ತೆ, ಆದ್ರೂ ಎರಡನೇ ಜೊತೆಯ ದುಡ್ಡು ಉಳಿಯುತ್ತೆ.

ಚಾಮುಂಡಿ ಬೆಟ್ಟದ ಮೆಟ್ಟಿಲು. ಇಲ್ಲಿ ಶೂ ಕೈಯಲ್ಲಿದೆ. ಅರಿಶಿನ ಕುಂಕುಮ ಹಚ್ಕೊಂಡು ಹತ್ತೋ ಜನ ಇದ್ದಾರೆ, ಪಕ್ಕದಲ್ಲಿ ನಿಧಾನವಾಗಿ ಹೋಗೋಣ. ದುಡ್ಡು ಖರ್ಚು ಮಾಡೋ ಮೊದಲು ನಂದಿವರೆಗಿನ ಸುಮಾರು ಏಳುನೂರು ಮೆಟ್ಟಿಲು ಬರಿಗಾಲಲ್ಲಿ ಹತ್ತಿ ನೋಡಿ, ಬಿಸಿಲೇರೋ ಮುಂಚೆ. ಮಾರನೇ ದಿನ ಮೀನಖಂಡ, ಅಂಗಾಲು ಎಷ್ಟು ಹಿಡ್ಕೊಂಡಿದೆ ಅನ್ನೋದೇ ನಿಮ್ಮ ಉತ್ತರ. ನಡೆಯೋಕೇ ಕಷ್ಟ ಅನ್ನಿಸಿದ್ರೆ ಈಗಲೇ ಆರು ಮಿಲಿಮೀಟರ್ ಸೋಲ್ ಬೇಡ, ಹತ್ತು ಹದಿನೈದು ಮಿಲಿಮೀಟರ್ ದಪ್ಪದ ಸೊನ್ನೆ ಡ್ರಾಪ್ ಶೂ ತಗೊಳ್ಳಿ. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಇರೋರು ಇದನ್ನ ಮಾಡ್ಲೇಬೇಡಿ, ತೆಳು ಶೂ ಸಹವಾಸವೂ ಬೇಡ. ಮುಳ್ಳು ಚುಚ್ಚಿದ್ದೇ ಗೊತ್ತಾಗಲ್ಲ.

ಹೊಸ ಶೂನಲ್ಲಿ ಮೊದಲ ಎರಡು ವಾರ ನಡಿಗೆ ಮಾತ್ರ. ಆಮೇಲೆ ಮಾಮೂಲಿ ಓಟದ ಕೊನೆಗೆ ನಾನೂರು ಮೀಟರ್, ದಿನ ಬಿಟ್ಟು ದಿನ. ಮೀನಖಂಡ ಎರಡೂ ಕಡೆ ಸಮ ನೋಯ್ತಿದ್ರೆ ಪರವಾಗಿಲ್ಲ, ಅದು ಕೆಲಸ ಕಲೀತಿದೆ. ಪಾದದ ಮೇಲ್ಭಾಗದಲ್ಲಿ ಒಂದೇ ಬಿಂದು, ಬೆರಳಿಟ್ಟು ಒತ್ತಿದ್ರೆ ನೋಯುತ್ತೆ ಅಂದ್ರೆ ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಮೂಳೆಯಲ್ಲಿ ಸೀಳು ಬಿಡೋದಕ್ಕೆ ಅದೇ ಮುನ್ಸೂಚನೆ.

ಮೋಡ ಕವೀತಿದೆ, ಇಳೀಬೇಕು. ಒದ್ದೆ ಆದ್ರೆ ಶೂನ ಬಿಸಿಲಿಗೆ ಇಡಬೇಡಿ, ಗಮ್ ಬಿಟ್ಕೊಳ್ಳುತ್ತೆ. ಇನ್‌ಸೋಲ್ ಈಚೆ, ಒಳಗೆ ಹಳೇ ಪೇಪರ್ ಉಂಡೆ, ಫ್ಯಾನ್ ಕೆಳಗೆ ಒಂದು ರಾತ್ರಿ.